ಎಂಬತ್ತಮೂರು ಅರ್ಥಗಳ ಗಡ್ಡ

ಐವತ್ತೇಳನೇ ಇಸವಿಯ ದೀಪಾವಳಿಯ ಹೊತ್ತಿಗೆ ಪುತ್ತೂರು ಪೇಟೆಯಲ್ಲಿ ನಾನು ಬಸುರಿ ಎಂದು ಗೊತ್ತಿಲ್ಲದವಳು ನಾನೊಬ್ಬಳೇ. ನನಗೆ ಆಗ ನಲವತ್ತೊಂದು ವರ್ಷ. ಮನೆಯಲ್ಲಿ ಮದುವೆಗೆ ಬಂದ ಮಗಳು. ಹೊಟ್ಟೆಯಲ್ಲಿ ಇದ್ದದ್ದು ಮಧ್ಯಾಹ್ನದ ಊಟ ಮಾತ್ರ. ಇದಕ್ಕೆಲ್ಲ ಕಾರಣ ಒಂದು ಇಂಗ್ಲಿಷ್ ಶಬ್ದ ಎಂದರೆ ನೀವು ನಗುತ್ತೀರಿ. ನಗಿ, ಆಗ ನನಗೆ ನಗು ಬಂದಿರಲಿಲ್ಲ.

ನಮ್ಮ ಮನೆಯವರು, ತಿರುಮಲೇಶ್ವರ ಮಾಸ್ಟ್ರು, ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಮಂಗಳೂರಿನ ಒಬ್ಬ ಮುದ್ರಣದವರು ಶಾಲೆಯ ಮಕ್ಕಳಿಗೆ ಇಂಗ್ಲಿಷ್–ಕನ್ನಡ ನಿಘಂಟು ಮಾಡಿಕೊಡಿ ಎಂದದ್ದೇ ತಡ, ಇವರಿಗೆ ಮರುಳು ಹಿಡಿಯಿತು. ಎ ಇಂದ ಕ್ಯೂವರೆಗೆ ಒಂದೂವರೆ ವರ್ಷ. ಆರ್‌ಗೆ ಬಂದು ‘ರನ್’ ಎಂಬ ಚೋಟುದ್ದದ ಶಬ್ದದ ಎದುರು ಗಾಡಿ ನಿಂತಿತು.

“ಓಡುದು ಅಂತ ಬರೆದು ಮುಂದೆ ಹೋಗಿ ಮಾರಾಯ್ರೆ,” ಎಂದೆ ನಾನು.

“ನಮ್ಮಲ್ಲಿ ಓಡುದು ಕಾಲಿದ್ದವರು ಮಾತ್ರ. ಇಂಗ್ಲಿಷಿನಲ್ಲಿ ಅಂಗಡಿಯೂ ಓಡ್ತದೆ, ಮೂಗೂ ಓಡ್ತದೆ, ಸೀರೆಯ ಬಣ್ಣವೂ ಓಡ್ತದೆ. ಎಂಬತ್ತಮೂರು ಅರ್ಥ ಉಂಟು ಶಂಕರಿ!” ಎಂದರು. ನಿಧಿ ಸಿಕ್ಕಿದವರ ಮುಖ ಮಾಡಿಕೊಂಡಿದ್ದರು.

ಎಂಬತ್ತಮೂರು ಅರ್ಥವನ್ನು ಕುಳಿತಲ್ಲೇ ಬರೆದು ಮುಗಿಸುವ ಜಾತಿಯವರಾದರೆ ನನಗೆ ಈ ಗತಿ ಬರುತ್ತಿರಲಿಲ್ಲ. ಇವರದ್ದೊಂದು ನಿಯಮ ಇತ್ತು. ಬೇರೆ ಪುಸ್ತಕ ನೋಡಿ ಬರೆಯಬಾರದು. ಒಂದೊಂದು ಅರ್ಥಕ್ಕೂ ಕನ್ನಡದ ಮಾತು ಜನರ ಬಾಯಿಂದ ಬರಬೇಕು. ಅದೂ ಇವರು ಕೇಳಬಾರದು, ಅವರು ಅವರಷ್ಟಕ್ಕೇ ಹೇಳಬೇಕು. ಬೇರೆ ಬೇರೆ ಮೂರು ಜನ ಹಾಗೆ ಹೇಳಿದರೆ ಮಾತ್ರ ಅದು ಸತ್ಯ. ಆಮೇಲೆ ಚೀಟಿಯಲ್ಲಿ ಬರೆದು, ಗಂಜಿಯ ತಿಳಿ ಹಚ್ಚಿ ಗೋಡೆಗೆ ಅಂಟಿಸುವುದು. ನನ್ನ ಗೋಡೆಗೆ!

ಬಸ್ಸು ಓಡುವುದಕ್ಕೆ ಜನ ಏನು ಹೇಳುತ್ತಾರೆ ಎಂದು ತಿಳಿಯಲು ಬಸ್ ಏಜೆಂಟ್ ಮೊಯ್ದೀನನ ಹತ್ತಿರ ಮೂರು ಬೆಳಿಗ್ಗೆ ನಿಂತರು. ಅವನು ಒಮ್ಮೆಯೂ ಓಡುವ ಸುದ್ದಿ ಎತ್ತಲಿಲ್ಲ. “ಸುಳ್ಯಕ್ಕೆ ಉಂಟು, ಕಡಬಕ್ಕೆ ಇಲ್ಲ,” ಇಷ್ಟೇ. ಪಕ್ಕದ ಅಂಗಡಿಯ ಮಮ್ಮು ತನ್ನ ವ್ಯಾಪಾರಕ್ಕೆ ಹೇಳಿದ್ದು ‘ಹೇಗೋ ನಡೀತದೆ’. ಅಮೆರಿಕದಲ್ಲಿ ಚುನಾವಣೆಗೆ ಓಡುತ್ತಾರಂತೆ, ನಮ್ಮವರು ನಿಲ್ಲುತ್ತಾರೆ. ಓಡುವ ಶಬ್ದದ ಎದುರು ನಿಲ್ಲು ಎಂದು ಬರೆಯುವುದು ಹೇಗೆ ಎಂದು ಇವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಒಂದು ದಿನ ನನ್ನ ಒಳ್ಳೆಯ ಕೆಂಪು ಸೀರೆಯನ್ನು ತಮ್ಮ ಬಿಳಿ ಪಂಚೆಯ ಜೊತೆ ಬಕೆಟಿನಲ್ಲಿ ಹಾಕಿ, ಪೆನ್ಸಿಲು ಹಿಡಿದು ಬಾವಿಕಟ್ಟೆಯ ಹತ್ತಿರ ಕುಳಿತಿದ್ದರು. ನಾನು ಬಂದು ನೋಡಿ “ಅಯ್ಯೋ, ಬಣ್ಣ ಬಿಟ್ಟಿತು!” ಎಂದೆ. ಅದರ ಮೇಲೆ ಇನ್ನೂ ತುಂಬ ಹೇಳಿದೆ. ಇವರು ಬರೆದುಕೊಂಡದ್ದು ಮೊದಲಿನದ್ದು ಮಾತ್ರ.

ಇಷ್ಟಾದರೂ ಸಹಿಸುತ್ತಿದ್ದೆ. ಆದರೆ ಆಟಿ ತಿಂಗಳ ಜಡಿಮಳೆಯಲ್ಲಿ ಒಂದು ದಿನ ಈ ಪುಣ್ಯಾತ್ಮರು ಮಹಾಲಿಂಗೇಶ್ವರ ದೇವರ ಎದುರು ಹರಕೆ ಹೇಳಿಕೊಂಡು ಬಂದರು. ‘ರನ್’ ಮುಗಿಯುವವರೆಗೆ ಮುಖಕ್ಕೆ ಕತ್ತಿ ಮುಟ್ಟಿಸುವುದಿಲ್ಲವಂತೆ. ಮನೆಯಲ್ಲಿ ಒಂದು ಮಾತು ಕೇಳಬೇಡವಾ?

ನಮ್ಮವರಲ್ಲಿ ಗಂಡಸು ಸುಮ್ಮನೆ ಗಡ್ಡ ಬಿಡುವುದಿಲ್ಲ. ಹೆಂಡತಿ ಬಸುರಿಯಾದರೆ ಬಿಡುವುದು, ಹೆರಿಗೆಯಾದ ಮೇಲೆ ತೆಗೆಸುವುದು. ದಾರಿಯಲ್ಲಿ ಗಡ್ಡದವರು ಎದುರಾದರೆ ಮನೆಯಲ್ಲಿ ತೊಟ್ಟಿಲು ತೂಗುವ ಕಾಲ ಬಂತು ಎಂದು ಲೆಕ್ಕ. ಇವರ ಗಡ್ಡ ಎರಡು ಬೆರಳು ಬೆಳೆದದ್ದೇ, ಆಚೆಮನೆಯ ಗೋದಾವರಿ ಅಕ್ಕ ಒಂದು ಭರಣಿ ಮಿಡಿ ಉಪ್ಪಿನಕಾಯಿ ಹಿಡಿದುಕೊಂಡು ಬಂದರು. ಬಂದವರು ನನ್ನ ಮುಖ ನೋಡಲಿಲ್ಲ, ಸೊಂಟ ನೋಡಿದರು.

“ಹುಳಿ ಆಸೆ ಆಗ್ತದಲ್ಲ ಈಗ,” ಎಂದರು.

“ಎಂತದೂ ಇಲ್ಲ ಅಕ್ಕ. ಅದು ಶಬ್ದದ ಹರಕೆ,” ಎಂದೆ.

“ಹಾಗೇ ಹೇಳ್ಬೇಕು. ಐದು ತಿಂಗಳಾಗುವವರೆಗೆ ಬಾಯಿ ಬಿಡ್ಲಿಕ್ಕಾಗದು. ನಾನೂ ಹಾಗೇ ಹೇಳಿದ್ದು ನಾಲ್ಕು ಸಲ.”

ಈ ಒಂದು ವಿಷಯದಲ್ಲಿ ಇಲ್ಲ ಎಂದರೂ ಹೌದು ಎಂದೇ ಅರ್ಥ. ನಾನು ಗಟ್ಟಿಯಾಗಿ ಇಲ್ಲ ಎಂದಷ್ಟೂ ಜನರಿಗೆ ಗಟ್ಟಿಯಾಯಿತು. ಬಾವಿಯಿಂದ ನೀರು ಸೇದಲು ಹೋದರೆ ಯಾರಾದರೊಬ್ಬರು ಬಂದು ಹಗ್ಗ ಕಸಿದುಕೊಳ್ಳುವರು. ಪತ್ರೊಡೆ ಮಾಡಿದವರು ಮೊದಲ ಪಾಲು ನನಗೆ ಕಳಿಸುವರು. ಸಿಟ್ಟಿನಲ್ಲಿ ತಿಂದೆ, ಚೆನ್ನಾಗಿತ್ತು. ತಿಂದು ತಿಂದು ಸೊಂಟವೂ ಅವರ ಪರವಾಗಿ ಸಾಕ್ಷಿ ಹೇಳಲು ಸುರು ಮಾಡಿತು. ಮಗಳು ದೇವಕಿ ನಗುತ್ತಿದ್ದಳು, ಐವರ್ನಾಡಿನ ಸಂಬಂಧ ಬರುವವರೆಗೆ.

ದೇವಕಿಗೆ ಇಪ್ಪತ್ತೊಂದು ತುಂಬಿತ್ತು. ಎರಡು ಸಂಬಂಧ ಜಾತಕ ಕೂಡದೆ ತಪ್ಪಿತ್ತು. ಇದು ಮೂರನೆಯದು. ಹುಡುಗ ಶ್ರೀಕೃಷ್ಣ ಸುಳ್ಯದ ಅಂಚೆ ಕಚೇರಿಯಲ್ಲಿ ಗುಮಾಸ್ತ. ಜಾತಕ ಕೂಡಿತ್ತು. ಆದರೆ ಮಾಘದೊಳಗೆ ಮದುವೆ ಆಗಬೇಕು, ಆಮೇಲೆ ಹುಡುಗನಿಗೆ ಎರಡು ವರ್ಷ ಯೋಗವಿಲ್ಲ. ಹುಡುಗಿ ನೋಡಲು ಬರುವ ಹಿಂದಿನ ದಿನ ನಾನು ಇವರ ಕಾಲು ಹಿಡಿಯುವುದೊಂದು ಬಾಕಿ.

“ನಾಳೆ ಒಂದು ದಿನಕ್ಕೆ ಗಡ್ಡ ತೆಗೆಸಿ. ಕ್ಷೌರದ ಕುಕ್ಕಪ್ಪನನ್ನು ಕರೆಸ್ತೇನೆ.”

“ದೇವರಿಗೆ ಹೇಳಿದ್ದು ತಪ್ಪಲಿಕ್ಕೆ ಆಗ್ತದಾ? ಒಂದೇ ಅರ್ಥ ಬಾಕಿ ಶಂಕರಿ. ಎಂಬತ್ತೆರಡು ಆಯ್ತು.”

“ಎಂತದು ಆ ಒಂದು?”

ಆ ಒಂದು ಯಾವುದು ಗೊತ್ತಾ? ದೊರೆಸಾನಿಯರ ರೇಷ್ಮೆ ಕಾಲುಚೀಲದಲ್ಲಿ ಒಂದು ಎಳೆ ಬಿಟ್ಟರೆ ಉದ್ದಕ್ಕೆ ಗೀರು ಬೀಳುತ್ತದಂತೆ, ಅದಕ್ಕೂ ‘ರನ್’ ಎನ್ನುತ್ತಾರಂತೆ. ಪುತ್ತೂರಿನಲ್ಲಿ ಆಗ ಕಾಲುಚೀಲ ಹಾಕುತ್ತಿದ್ದವರು ಪೊಲೀಸರು ಮಾತ್ರ, ಅದೂ ಉಣ್ಣೆಯದ್ದು. ಆ ಚೀಲ ಎಂದು ಹರಿಯುವುದು, ಅದನ್ನು ಕಂಡು ಮೂರು ಜನ ಎಂದು ಕನ್ನಡದಲ್ಲಿ ಮಾತಾಡುವುದು, ನನ್ನ ಮಗಳ ಕುತ್ತಿಗೆಗೆ ಎಂದು ತಾಳಿ ಬೀಳುವುದು?

ಮರುದಿನ ಅವರು ಬಂದರು. ಹುಡುಗ ಒಳ್ಳೆಯವನು. ದೇವಕಿ ಕಾಫಿ ಕೊಟ್ಟು ಒಳಗೆ ಬಂದವಳು ಬಾಗಿಲ ಸಂದಿಯಿಂದ ಎರಡು ಸಲ ನೋಡಿದಳು. ಮೊದಲಿನ ಇಬ್ಬರನ್ನು ಅವಳು ಒಂದು ಸಲವೂ ನೋಡಿರಲಿಲ್ಲ. ಹೊರಗೆ ಹುಡುಗನ ಅಪ್ಪ ಮಹಾಲಿಂಗ ಭಟ್ರು ತಮ್ಮ ಹೊಸ ಪಂಪಿನ ಸುದ್ದಿ ಹೇಳುತ್ತಾ “ಒಳ್ಳೆ ನಡೀತದೆ,” ಎಂದರು. ನಮ್ಮವರು ಅಭ್ಯಾಸಬಲದಿಂದ ತಟಕ್ಕನೆ ಕಿಸೆಯಿಂದ ಚೀಟಿ ತೆಗೆದು ಬರೆದುಕೊಂಡರು. ಭಟ್ರ ಕಣ್ಣು ಚೀಟಿಯ ಮೇಲೆ ಹೋಗಲಿಲ್ಲ, ಗಡ್ಡದ ಮೇಲೆಯೇ ಇತ್ತು.

ಹೋಗುವಾಗ ಹುಡುಗನ ಅಮ್ಮ ನನ್ನನ್ನು ಬದಿಗೆ ಕರೆದರು. ಒಳ್ಳೆಯ ಹೆಂಗಸು, ನನ್ನ ಕೈ ಹಿಡಿದುಕೊಂಡೇ ಹೇಳಿದರು. “ಹುಡುಗಿ ನಮಗೆ ಒಪ್ಪಿಗೆ. ಆದರೆ ನಿಮ್ಮದು ಬರುದು ಮಾಘಕ್ಕೇ ಅಲ್ವಾ? ಧಾರೆಯ ದಿನವೇ ಅಮೆ ಬಂದ್ರೆ ಎಂತ ಮಾಡುದು?” ಹೆರಿಗೆಯ ಮೈಲಿಗೆಗೆ ನಮ್ಮ ಕಡೆ ಅಮೆ ಎನ್ನುವುದು. ಅದು ಬಂದರೆ ಹತ್ತು ದಿನ ಮನೆಯಲ್ಲಿ ದೀಪ ಹಚ್ಚುವ ಹಾಗೂ ಇಲ್ಲ, ಮತ್ತೆ ಧಾರೆ ಎಲ್ಲಿಂದ?

“ನಾನು ಬಸುರಿ ಅಲ್ಲ!” ಎಂದೆ. ಕೂಗಿದೆ ಎಂದೇ ಹೇಳಬೇಕು.

“ಹಾಗೇ ಹೇಳುದು,” ಎಂದು ಅವರು ನಕ್ಕರು. “ಕೋಡಿಂಬಾಳದಲ್ಲಿ ಒಂದು ಹುಡುಗಿ ಉಂಟು ಅಂತ ಹೇಳ್ತಿದ್ದಾರೆ. ಹದಿನೈದು ದಿನ ನೋಡಿ ಅಲ್ಲಿಗೆ ಮಾತು ಕೊಡ್ತೇವೆ. ಬೇಜಾರು ಮಾಡ್ಬೇಡಿ.”

ಬಾರದ ಮಗುವಿಗೆ ಹೆದರಿ ಬಂದ ಮದುವೆ ಹೊರಟುಹೋಯಿತು. ದೇವಕಿ ಸೀರೆ ಮಡಿಸಿ ಪೆಟ್ಟಿಗೆಯಲ್ಲಿಟ್ಟಳು. “ಅಪ್ಪನಿಗೆ ಬೈಬೇಡ ಅಮ್ಮ,” ಎಂದಷ್ಟೇ ಹೇಳಿ ಪಾತ್ರೆ ತೊಳೆಯಲು ಕುಳಿತಳು. ತೊಳೆದ ಲೋಟವನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದಳು. ಅವಳು ಅತ್ತಿದ್ದರೆ ನಾನು ತಡೆದುಕೊಳ್ಳುತ್ತಿದ್ದೆನೋ ಏನೋ.

ಹನ್ನೆರಡು ದಿನ ಕಾದೆ. ಹದಿಮೂರನೆಯ ದಿನ ಬೆಳಿಗ್ಗೆ ಗೋದಾವರಿ ಅಕ್ಕನ ಮನೆಯ ಹಿಂಬಾಗಿಲಿಗೆ ಹೋದೆ. ಬಸುರಿ ಅಲ್ಲ ಎಂದರೆ ನಂಬುವವರಿಲ್ಲ. ನಂಬುವಂಥದ್ದು ಒಂದೇ ಉಳಿದಿತ್ತು.

“ಹೊಟ್ಟೆಯಲ್ಲಿದ್ದದ್ದು ನಿಲ್ಲಲಿಲ್ಲ ಅಕ್ಕ,” ಎಂದೆ.

ಅವರ ಕೈಯಿಂದ ಸೌಟು ಬಿತ್ತು. ಮತ್ತೆ ಒಂದು ಪ್ರಶ್ನೆ ಕೇಳಲಿಲ್ಲ, ಅದನ್ನೆಲ್ಲ ಕೇಳುವ ಕ್ರಮವಿಲ್ಲ. “ಐದು ತಿಂಗಳು. ತಿಂಗಳಿಗೊಂದರ ಹಾಗೆ ಐದು ದಿನ ಮೈಲಿಗೆ, ಒಳಗೆ ಬರ್ಲಿಕ್ಕಿಲ್ಲ,” ಎಂದು ಅವರೇ ಲೆಕ್ಕ ಹಾಕಿ, ಅವರೇ ನನ್ನ ಮನೆಯ ಹೊರಗಿನ ಕೋಣೆಯಲ್ಲಿ ಚಾಪೆ ಹಾಸಿ ಮಲಗಿಸಿ, ಜೀರಿಗೆ ಕಷಾಯ ಮಾಡಿ ತಂದು ನನ್ನ ತಲೆ ನೇವರಿಸಿದರು. ನಾನು ಸುಳ್ಳಿಗೆ ಸ್ವಲ್ಪ ಅಳಬೇಕು ಎಂದುಕೊಂಡಿದ್ದೆ. ತಲೆಯ ಮೇಲೆ ಅವರ ಕೈ ಬಿದ್ದದ್ದೇ, ಎಲ್ಲಿತ್ತೋ ಏನೋ, ಅಳು ಒತ್ತರಿಸಿ ಬಂತು. ದೇವಕಿ ಮೂರು ವರ್ಷದವಳಿರುವಾಗ ನನಗೆ ನಿಜವಾಗಿಯೂ ಒಂದು ಹೋಗಿತ್ತು. ಆಗ ಇವರು ಟ್ರೈನಿಂಗಿಗೆಂದು ಮಂಗಳೂರಿನಲ್ಲಿದ್ದರು. ಅತ್ತೆ ಯಾರಿಗೂ ಹೇಳಬೇಡ ಎಂದರು. ಯಾರಿಗೂ ಹೇಳಲಿಲ್ಲ, ಇವರಿಗೂ ಹೇಳಲಿಲ್ಲ. ಆ ದಿನ ಒಬ್ಬರೂ ಕಷಾಯ ಕೊಟ್ಟಿರಲಿಲ್ಲ.

ಮದುವೆಯ ವಿಷಯ ಮೊದಲೇ ಹೇಳಿಬಿಡುತ್ತೇನೆ, ನಿಮಗೆ ಆತಂಕ ಬೇಡ. ಗೋದಾವರಿ ಅಕ್ಕನ ತವರು ಐವರ್ನಾಡು. ಸುದ್ದಿ ಸಂಜೆಯ ಬಸ್ಸಿನಲ್ಲೇ ಹೋಯಿತು, ನಾಲ್ಕನೆಯ ದಿನ ಭಟ್ರ ಒಪ್ಪಿಗೆಯ ಕಾಗದ ಬಂತು. ಮಾಘದಲ್ಲಿ ಧಾರೆಯೂ ಆಯಿತು. ನಾನು ಹೇಳಬೇಕಾದದ್ದು ಅದಲ್ಲ. ಎರಡನೆಯ ದಿನ ಸಂಜೆಯದ್ದು.

ಹೊರಗಿನ ಕೋಣೆಯ ಬಾಗಿಲಲ್ಲಿ ಯಾರೋ ಬಂದು ನಿಂತರು. ಮೊದಲು ಗುರುತು ಸಿಗಲಿಲ್ಲ. ಆಮೇಲೆ ನೋಡಿದರೆ ಇವರು. ಗಡ್ಡವಿಲ್ಲ. ಕೆನ್ನೆಯಲ್ಲಿ ಎರಡು ಕಡೆ ಗಾಯ. ಹೊಸ್ತಿಲಿನಾಚೆ ನೆಲದ ಮೇಲೆ ಕುಳಿತರು.

“ಮೊಯ್ದೀನ್ ಹೇಳಿದ. ಆಮೇಲೆ ಮಮ್ಮು. ಆಮೇಲೆ ಕುಕ್ಕಪ್ಪ,” ಎಂದರು. “ನಾನು ಕೇಳ್ಲಿಲ್ಲ. ಅವರಷ್ಟಕ್ಕೇ ಹೇಳಿದ್ದು.”

ನನಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಮೂರು ಜನ! ಇವರ ಲೆಕ್ಕದಲ್ಲಿ ಅದು ಸತ್ಯವಾಗಿಹೋಗಿತ್ತು. ಹೆಂಡತಿಯ ಬಸುರನ್ನು ಪೇಟೆಯ ಬಾಯಿಂದ ಕೇಳಿ ನಂಬುವ ಗಂಡಸು ಈ ಭೂಮಿಯ ಮೇಲೆ ಇನ್ನೊಬ್ಬನಿದ್ದಾನಾ? ತಿಂಗಳು ಎಣಿಸಿ ನೋಡುವಷ್ಟು ಬುದ್ಧಿಯಾದರೂ ಬೇಡವಾ? ಬಾಯಿ ತೆರೆದೆ.

“ಹರಕೆ?” ಎಂದೆ. ಬಂದದ್ದು ಅಷ್ಟೇ.

“ದೇವರಿಗೆ ತಪ್ಪು ಕಾಣಿಕೆ ಹಾಕಿ ಬಂದೆ. ಇನ್ನು ಯಾವುದಕ್ಕೆ ಗಡ್ಡ?” ಎಂದರು. ಮತ್ತೆ, “ನನಗೆ ಒಂದು ಮಾತು ಹೇಳ್ಬಹುದಿತ್ತು ಶಂಕರಿ,” ಎಂದರು. ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಂಡರು. ಇಪ್ಪತ್ತಮೂರು ವರ್ಷದ ಸಂಸಾರದಲ್ಲಿ ಇವರು ಅತ್ತದ್ದನ್ನು ನಾನು ನೋಡಿರಲಿಲ್ಲ.

ಎಲ್ಲ ಸುಳ್ಳು ಮಾರಾಯ್ರೆ, ಎದ್ದು ಹೋಗಿ ಎನ್ನಬೇಕಿತ್ತು. ಆದರೆ ಆ ಅಳು ಹದಿನೆಂಟು ವರ್ಷ ತಡವಾಗಿಯಾದರೂ ನನಗೆ ಬರಬೇಕಾದದ್ದೇ ಅನ್ನಿಸಿತು.

“ಹೆಸರು ಎಂತ ಇಡ್ಬೇಕು ಅಂತ ಇತ್ತು ನಿನಗೆ?” ಎಂದು ಕೇಳಿದರು.

“ವಾರಿಜ,” ಎಂದೆ. ಯೋಚಿಸಬೇಕಾಗಿರಲಿಲ್ಲ.

ಅವರು ಮೆಲ್ಲನೆ ಎರಡು ಸಲ ಹೇಳಿ ನೋಡಿದರು. “ಒಳ್ಳೆ ಹೆಸರು,” ಎಂದರು.