ಜಹೀರನಿದ್ದ ಊರಿನ ಹೆಸರು

ಫೋನ್ ಬಂದಾಗ ಮುಬಶೀರಾ ಮನೆಯಲ್ಲಿರಲಿಲ್ಲ. ಇಳಕಲ್ಲಿನ ಬಜಾರದ ಹೊಲಿಗೆ ಅಂಗಡಿಯಲ್ಲಿ ಸೀರೆಗೆ ಫಾಲ್ ಹಚ್ಚುತ್ತಿದ್ದಳು. ಸುದ್ದಿ ತಿಳಿದು ಓಡಿ ಬಂದರೆ, ಅತ್ತೆ ಬಾನುಬಿ ಫೋನನ್ನು ಎದೆಗೆ ಒತ್ತಿಕೊಂಡು ಹೊಸ್ತಿಲ ಮೇಲೆ ಕುಳಿತಿದ್ದಳು.

"ಜಹೀರ ದವಾಖಾನ್ಯಾಗ ಅದಾನ, ಬೇಟಿ. ಯಾಕಂತ ಕೇಳೂದ್ರಾಗ ಕಟ್ ಆತು. ಊರಿನ ಹೆಸರಷ್ಟ ಹೇಳಿದ."

ಗ್ರಾನೈಟ್ ಕಾರ್ಖಾನೆಯಲ್ಲಿ ಕಲ್ಲು ಕೊಯ್ಯುವ ಯಂತ್ರ ನಡೆಸುತ್ತಿದ್ದ ಜಹೀರ ದೀಪಾವಳಿಯ ಹೊತ್ತಿಗೆ ರಷ್ಯಾಕ್ಕೆ ಹೋಗಿದ್ದ. ಮಾಸ್ಕೋದ ಹತ್ತಿರ ಅದೇ ಕೆಲಸ ಎಂದಿದ್ದ ಏಜೆಂಟ್. ಈಗ ಏಜೆಂಟ್ ಫೋನ್ ಎತ್ತುತ್ತಿಲ್ಲ, ಗಂಡನ ಫೋನೂ ಬಂದ್. ಕೆಲಸವೆಂದು ಕರೆದೊಯ್ದು ಯುದ್ಧಕ್ಕೆ ತಳ್ಳಿದ ಹುಡುಗರ ಸುದ್ದಿಯನ್ನು ಮುಬಶೀರಾ ಟಿವಿಯಲ್ಲಿ ನೋಡಿದ್ದಳು. ಅತ್ತೆಯ ಮುಂದೆ ಆ ಮಾತು ತೆಗೆಯಲಿಲ್ಲ.

ಮರುದಿನ ಹುನಗುಂದದ ಮೇಲೆ ಹಾಯ್ದು ಬಾಗಲಕೋಟೆಗೆ ಹೋದಳು. ಜಿಲ್ಲಾಧಿಕಾರಿ ಕಚೇರಿಯ ಸಾಹೇಬರು ಕೂರಿಸಿ ಎಲ್ಲ ಕೇಳಿದರು, ದೆಹಲಿಗೆ ಬರೆಯಲು ಕುಳಿತರು.

"ಊರಿನ ಹೆಸರು ಇಂಗ್ಲಿಷಿನ್ಯಾಗ ಹೆಂಗ ಬರೀತಾರವ್ವಾ?"

"ಗೊತ್ತಿಲ್ರಿ. ಶಕ್ತಿ ಅಂತ್ರಿ."

"ಶಕ್ತಿ? ನಿಮ್ಮ ಫ್ರೀ ಬಸ್ಸಿನ ಶಕ್ತಿನಾ?"

"ಹಂಗ ಇರಬೇಕ್ರಿ."

ಹಾಗೇ ಬರೆದರು. ದೆಹಲಿಯಿಂದ ಉತ್ತರವೂ ಬೇಗ ಬಂತು: ರಷ್ಯಾದಲ್ಲಿ ಆ ಹೆಸರಿನ ಊರು ಸಿಗುತ್ತಿಲ್ಲ, ಸರಿಯಾದ ಸ್ಪೆಲಿಂಗ್ ಕಳಿಸಿ.

ಪಕ್ಕದ ಮನೆಯ ರೋಹಿಣಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವರು. ಅವರು ಬಂದು ಮೊಬೈಲ್ ಹಿಡಿದು ಕುಳಿತರು. ದೇವಿಯ ಚಿತ್ರಗಳು ಬಂದವು, ಬಸ್ ಟಿಕೆಟ್ ಬಂತು, ಯಾವುದೋ ಯೋಗ ಕೇಂದ್ರ ಬಂತು.

"ಊರೇ ಇಲ್ಲಂದ್ರ ಅವರು ಎಲ್ಲಿ ಅದಾರ್ರಿ, ಅಕ್ಕಾರ?" ಎಂದಳು ಮುಬಶೀರಾ.

ಚಹಾ ತಂದ ಬಾನುಬಿ ಕೇಳಿದಳು, "ಏನಂತ ಬರದೀರಿ?"

"ಶಕ್ತಿ ಅಂತ."

"ನಾ ಎಲ್ಲಿ ಹಂಗಂದೆ? ಶಖ್ತಿ! ಖಬರ್ ಅಂತೀವಲ್ಲ, ಆ ಖ. ಗಂಟಲಾಗಿಂದು. ನನ್ನ ಮಗ ಬಿಡಿಸಿ ಹೇಳ್ಯಾನ."

ಮನೆಯಲ್ಲಿ ಉರ್ದು ಆಡುವ ಮುಬಶೀರಾಳಿಗೂ ಆ ಖ ಗೊತ್ತಿದ್ದದ್ದೇ. ಆದರೆ ಅಂದಿನ ಗಾಬರಿಯಲ್ಲಿ ಕಿವಿ ತನಗೆ ರೂಢಿಯಿದ್ದ ಮಾತನ್ನೇ ಹಿಡಿದಿತ್ತು.

ರೋಹಿಣಿ ‘ಕೆ’ ಪಕ್ಕ ಒಂದು ‘ಎಚ್’ ಸೇರಿಸಿದರು. ಮೊಬೈಲೇ ಕೊನೆಯ ‘ಐ’ ತೆಗೆದು ‘ವೈ’ ತೋರಿಸಿತು.

"ಸಿಕ್ತು! ಶಾಖ್ತಿ. ಕಲ್ಲಿದ್ದಲ ಗಣಿಗಳ ಊರಂತ," ಎನ್ನುತ್ತ ನಕಾಶೆ ತೆರೆದು ಮುಬಶೀರಾಳ ಮುಂದೆ ಹಿಡಿದರು. ಮಾಸ್ಕೋ ಎಲ್ಲೋ ಮೇಲಿತ್ತು. ಉಕ್ರೇನಿನ ಗಡಿ ಮಾತ್ರ ಬೆರಳಳತೆಯಲ್ಲಿತ್ತು.

"ಊರು ಸಿಕ್ತಲ್ಲ, ಮತ್ಯಾಕ ಅಳ್ತಿ?" ಎಂದಳು ಬಾನುಬಿ.

"ಖುಷಿಗೆ, ಅಮ್ಮಾ."

ಸರಿಯಾದ ಹೆಸರು ಅಂದೇ ದೆಹಲಿಗೆ ಹೋಯಿತು. ಮುಂದಿನ ದಿನಗಳಲ್ಲಿ ಮುಬಶೀರಾ ಫೋನನ್ನು ಮಡಿಲಲ್ಲಿಟ್ಟುಕೊಂಡೇ ಹೊಲಿದಳು. ಗಿರಾಕಿಯ ಫೋನ್ ರಿಂಗಾದರೂ ಸೂಜಿ ಬೆರಳಿಗೆ ಚುಚ್ಚುತ್ತಿತ್ತು. ಕಣ್ಣು ಮುಚ್ಚಿದರೆ ಗಂಡ ಸೈನಿಕರ ಬಟ್ಟೆಯಲ್ಲಿ ಕಾಣುತ್ತಿದ್ದ.

ಒಂದು ಮಧ್ಯಾಹ್ನ ಗುರುತಿಲ್ಲದ ನಂಬರಿನಿಂದ ಜಹೀರನ ದನಿ ಬಂತು. ರಾಯಭಾರ ಕಚೇರಿಯವರು ದವಾಖಾನೆಗೇ ಬಂದಿದ್ದರು, ಅವರ ಫೋನು.

"ಮೊದಲ ಇದು ಹೇಳ್ರಿ. ನಿಮ್ಮ ಕೈಯಾಗ ಬಂದೂಕು ಕೊಟ್ಟಾರೇನು?"

"ಇಲ್ಲ, ಇಲ್ಲ. ಏಜೆಂಟ್ ಬ್ಯಾರೆ ಊರಿಗೆ ಕಳಿಸಿದ. ಕಲ್ಲು ಇಳಸುವಾಗ ಪಾದದ ಮ್ಯಾಲ ಬಿತ್ತು. ಎರಡು ಬೆರಳು ತಗದಾರ, ಮುಬಶೀರಾ."

"ಬೆರಳಷ್ಟನಾ?" ಎಂದುಬಿಟ್ಟಳು. ಅಂದ ಮೇಲೆ ತನ್ನ ಮಾತಿಗೆ ತಾನೇ ನಾಚಿ, ಬಾಯಿಗೆ ಸೆರಗು ಹಿಡಿದು ಅತ್ತಳು. ಆ ಕಡೆ ಜಹೀರನೂ ಅಳುತ್ತಿದ್ದ.

ಕಾಗದಪತ್ರ ಸರಿಯಾಗಿ ಅವನು ಊರಿಗೆ ಬರುವಾಗ ಬಿಸಿಲು ಬಲಿತಿತ್ತು. ಕೋಲೂರುತ್ತ ಬಸ್ಸಿಳಿದ ಮಗನ ಮುಖ, ಕೈ, ಭುಜವನ್ನೆಲ್ಲ ಬಾನುಬಿ ಮುಟ್ಟಿ ಮುಟ್ಟಿ ನೋಡಿದಳು. ಮನೆಗೆ ಬಂದ ಮೇಲೆ ಮುಬಶೀರಾ ಬಿಸಿನೀರು ತಂದು ಕಾಲ ಬಳಿ ಕುಳಿತಾಗ ಅವನು ಪಾದ ಹಿಂದಕ್ಕೆಳೆದುಕೊಂಡ.

"ನೋಡಬ್ಯಾಡ. ಛಂದಿಲ್ಲ."

"ಕೊಡ್ರಿ ಇಲ್ಲೆ," ಎಂದು ಅವಳು ಅದನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡಳು.