ಮೊದಲು ನನಗೆ

"ನೋಡಿ, ಮೊದಲು ನನಗೆ. ಆಮೇಲೆ ನಿಮಗೆ," ಎಂದು ಹೆಂಡತಿ ಬಿಪಿ ನೋಡುವ ಪಟ್ಟಿಯನ್ನು ತನ್ನ ತೋಳಿಗೇ ಸುತ್ತಿಕೊಂಡಳು.

ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋಗಿ, ಮಾತೂ ನಿಂತ ಮೇಲೆ ಮಂಚ ಹಿಡಿದಿದ್ದ ಬೋರ್ಡ್ ಪೇಂಟರ್ ಗಂಡನಿಗೆ ಅವಳನ್ನು ಬಿಟ್ಟು ಬೇರೆ ಯಾರ ಮೇಲೂ ನಂಬಿಕೆ ಉಳಿದಿರಲಿಲ್ಲ. ಮಾತ್ರೆಯಾಗಲಿ ಗಂಜಿಯಾಗಲಿ, ಮೊದಲು ಅವಳು ಬಾಯಿಗೆ ಹಾಕಿಕೊಂಡಂತೆ ಮಾಡಬೇಕು. ಆಮೇಲೇ ಅವನು ಬಾಯಿ ತೆರೆಯುವುದು. ಎಡಗೈ ಚೆನ್ನಾಗಿಯೇ ಇತ್ತು. ಆದರೆ ಬೀದಿ ತುಂಬ ಅಂಗಡಿಗಳ ಹೆಸರು ಬರೆದ ಮನುಷ್ಯ, ಎಡಗೈಗೆ ಚಮಚ ಕೊಟ್ಟರೆ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದ.

ಇಂಥ ರೋಗಿಗಳ ಅಧ್ಯಯನಕ್ಕೆಂದು ಆಸ್ಪತ್ರೆಯಿಂದ ಬರುವ ನರ್ಸಿಗೆ ಈ ನಾಟಕ ಗೊತ್ತಿತ್ತು. ಪ್ರತಿ ಸಲ ಗುಂಡಿ ಒತ್ತಿದಂತೆ ಮಾಡಿ ಪಟ್ಟಿ ಬಿಚ್ಚುತ್ತಿದ್ದಳು. ಅಧ್ಯಯನಕ್ಕೆ ಬೇಕಾದದ್ದು ರೋಗಿಯ ಬಿಪಿ, ಹೆಂಡತಿಯದಲ್ಲ. ಇವತ್ತು ಮಾತಿನ ಭರದಲ್ಲಿ ನಿಜವಾಗಿಯೇ ಒತ್ತಿಬಿಟ್ಟಳು.

ಯಂತ್ರ ಗುರುಗುಟ್ಟಿ ನಿಂತಿತು. ನರ್ಸ್ ಮತ್ತೊಮ್ಮೆ ಒತ್ತಿ ನೋಡಿದಳು.

"ಅಕ್ಕ, ಇನ್ನೂರು ದಾಟಿದೆ!"

"ನಿಮ್ಮ ಮಿಷನ್ ಕೆಟ್ಟಿರ್ಬೇಕು ಸಿಸ್ಟರ್."

"ಬೆಳಿಗ್ಗೆಯಿಂದ ಕಣ್ಣು ಮಂಜಾಗ್ತಿದೆ ಅಂತ ಈಗ್ತಾನೆ ಅಂದ್ರಲ್ಲ. ಇವರಿಗೂ ಹೀಗೇ ಶುರುವಾಗಿದ್ದು. ನಮ್ಮ ಗಾಡಿ ಬಾಗಿಲಲ್ಲೇ ಇದೆ, ಹೊರಡಿ. ಪಕ್ಕದ ಮನೆ ಅಜ್ಜಿ ಇವರನ್ನ ನೋಡ್ಕೊಳ್ತಾರೆ."

"ಅಜ್ಜಿ ಕೈಲಿ ಇವರು ತೊಟ್ಟು ನೀರೂ ಕುಡಿಯಲ್ಲ. ನಾನು ಹೋಗಿ ಅಲ್ಲಿ ಮಲಗಿದ್ರೆ ಊಟ ಮಾಡಿಸೋರು ಯಾರು, ನಿಮ್ಮ ದೊಡ್ಡ ಡಾಕ್ಟ್ರಾ?"

ನಕ್ಕಳು. ಒಳಗೆ ಮಾತ್ರ ಹೆದರಿಕೆಯಾಗಿತ್ತು. ಹೋದರೆ ಅವನು ಉಪವಾಸ; ಹೋಗದೆ ತಾನೂ ಬಿದ್ದರೆ ಇಬ್ಬರೂ ಹಾಸಿಗೆ ಹಿಡಿದಂತೆ. ಏನೂ ತೋಚದೆ ಒಳಗಿನಿಂದ ಗಂಜಿಯ ಬಟ್ಟಲು ತಂದು ಅವನ ತೊಡೆಯ ಮೇಲಿಟ್ಟಳು. ಒಂದು ಚಮಚ ತಾನು ಕುಡಿದು, ಇನ್ನೊಂದನ್ನು ಅವನ ತುಟಿಗೆ ಹಿಡಿದಳು.

ಅವನು ಬಾಯಿ ಬಿಗಿದ.

"ಹಠ ಮಾಡ್ಬೇಡಿ ಅಂದ್ರೆ. ನನ್ನ ಪ್ರಾಣ ಯಾಕೆ ಹಿಂಡ್ತೀರಾ?"

ಹೊದಿಕೆಯೊಳಗಿಂದ ಎಡಗೈ ಹೊರಬಂತು. ಅವಳ ಕೈಯಿಂದ ಚಮಚ ಕಿತ್ತುಕೊಂಡಿತು. ಚಮಚ ಮೊದಲು ಕೆನ್ನೆಗೆ ತಾಗಿತು, ಆಮೇಲೆ ಬಾಯಿ ಸಿಕ್ಕಿತು. ಅರ್ಧ ಗಂಜಿ ಒಳಗೆ ಹೋಯಿತು, ಇನ್ನರ್ಧ ಅಂಗಿಯ ಮೇಲೆ ಇಳಿಯಿತು. ಅವಳು ಬಟ್ಟೆ ಎಳೆದುಕೊಂಡು ಒರೆಸಲು ಬಾಗಿದಳು. ಅವನು ಬೇಡವೆಂದು ತಲೆಯಾಡಿಸಿ ಬಾಗಿಲ ಕಡೆ ನೋಡಿದ.

ನರ್ಸ್ ಅವಳ ಚಪ್ಪಲಿ ತಂದು ಮುಂದಿಟ್ಟಳು. ಅವಳು ಒಂದು ಕಾಲಿಗೆ ಚಪ್ಪಲಿ ಮೆಟ್ಟಿ, ಒರೆಸುವ ಬಟ್ಟೆ ಹಿಡಿದು ನಿಂತೇ ಇದ್ದಳು. ಚಮಚ ಮತ್ತೆ ಬಟ್ಟಲಿಗೆ ಇಳಿದು, ತುಳುಕುತ್ತಾ ಮೇಲೆದ್ದಿತು.