ಮುಳ್ಳಿಲ್ಲದ ರೇಡಿಯೊ

ಟವೆಲ್ಲನ್ನು ಮಡಚಿ ಹೆಗಲಿಗೆ ಒತ್ತಿಟ್ಟುಕೊಂಡು ಹಂಪಯ್ಯ ತಾನಾಗಿಯೇ ಮುಂದೆ ಬಂದು ಚಟ್ಟಕ್ಕೆ ಹೆಗಲು ಕೊಟ್ಟ. ಜಪಾನಿನವರ ಜೊತೆ ಕೂಡಿದ ಮುಂಬೈ ಕಂಪನಿಯ ರೇಡಿಯೊ ಮಾರುವ ರಾಯಚೂರಿನ ಏಜೆಂಟ್, ಮಾನ್ವಿಯ ಗದ್ದೆಪ್ಪನ ಹೆಣ ಹೊರುವುದೆಂದರೆ!

"ವೈರಿ ಆದ್ರೂ ದೊಡ್ಡ ಮನುಷ್ಯಾ ನೋಡವ್ವಾ," ಎಂದಳು ಸತ್ತವನ ತಂಗಿ ಆದೆಮ್ಮ, ಮೂಗು ಒರೆಸಿಕೊಳ್ಳುತ್ತ.

ಗದ್ದೆಪ್ಪನ ಹೆಂಡತಿ ಅಯ್ಯಮ್ಮ ಓಣಿಯ ಕೊನೆಗೆ ನಿಂತಿದ್ದ ಹಂಪಯ್ಯನ ಜೀಪನ್ನು ನೋಡಿದ್ದಳು. ಒಳಗೆ ಹೊಸ ಬೋರ್ಡು, ಸುತ್ತಿಗೆ ಹಿಡಿದ ಇಬ್ಬರು ಆಳು. ಗಂಡನ ಅಣ್ಣ ಬೂದೆಪ್ಪ ಮುಂಜಾನೆಯೇ ಹೇಳಿದ್ದ: "ನಮ್ಮ ರೇಡಿಯೊ ಅಂಗಡಿ ಹಂಪಯ್ಯನ ಕಂಪನಿಗೆ ಕೊಡ್ತೀವಂತ ಮಾತು ಕೊಟ್ಟೀನಿ ತಂಗಿ. ಹೆಣ್ಮಗಳು ನೀ ಏನ್ ನಡಸ್ತಿ? ಮಣ್ಣು ಮುಗಿಸಿ ಬರೂದ್ರಾಗ ಬೋರ್ಡು ಹಾಕಿಬಿಡ್ತಾರ."

*

ಎಪ್ಪತ್ನಾಲ್ಕನೇ ಇಸವಿಯಲ್ಲಿ ಗದ್ದೆಪ್ಪ ತನ್ನ ಕೈಯಾರೆ ಜೋಡಿಸಿದ ಮೊದಲ ರೇಡಿಯೊವನ್ನು ದೇವದುರ್ಗದ ಸಂತೆಗೆ ಒಯ್ದಾಗ ಜನ ನಕ್ಕಿದ್ದರು. ಸ್ಟೇಷನ್ ತಿರುಗಿಸುವ ಮುಳ್ಳೇ ಅದಕ್ಕಿರಲಿಲ್ಲ. ಗುಲಬರ್ಗಾ ಆಕಾಶವಾಣಿ ಒಂದನ್ನೇ ಹಿಡಿಯುವಂತೆ ಒಳಗೆ ಬಿಗಿದಿದ್ದ.

"ಹಂಪಯ್ಯನ ಪೆಟ್ಟಿಗ್ಯಾಗ ಲಂಡನ್ ಬರ್ತದ, ಸಿಲೋನ್ ಬರ್ತದ. ನಿಂದ್ರಾಗ?"

"ಹತ್ತಿಗೆ ಹುಳ ಬಿದ್ರ ಯಾವ ಎಣ್ಣಿ ಹೊಡಿಬೇಕಂತ ಲಂಡನ್ದಾವ ನಿನಗ ಹೇಳ್ತಾನೇನಲೇ?"

ನಗುವಿನ ನಡುವೆಯೇ ಒಬ್ಬಾಕೆ ಕೊಂಡಳು. ಸ್ಟೇಷನ್ ತಪ್ಪಿಸಿದಿ ಎಂದು ಗಂಡ ಬೈಯುವ ಅಂಜಿಕೆಯಿಲ್ಲದೆ ಹಚ್ಚಬಹುದಲ್ಲ! ಆಮೇಲೆ ಮಲ್ಲಟದಿಂದ, ಗಿಲ್ಲೆಸುಗೂರಿನಿಂದ ಗಿರಾಕಿ ಬಂದರು. ಪೆಟ್ಟಿಗೆ ಬಡಗಿ ಅಬ್ದುಲ್ ವಹೀದನದು. ಒಳಗಿನ ತಾಮ್ರದ ತಂತಿ ಸುತ್ತುವವಳು ಅಯ್ಯಮ್ಮ. ಹಂಪಯ್ಯ ಕಂಪನಿಯ ಸಾಹೇಬರನ್ನೇ ಕರೆತಂದು, "ಈ ಆಟ ಬಿಡು, ನಮ್ಮ ಮಾಲು ಮಾರು" ಎಂದಾಗ ಗದ್ದೆಪ್ಪ ಚಹಾ ಕುಡಿಸಿ ಕಳಿಸಿದ್ದ.

"ಅವ್ರು ಜಗತ್ತಿಗೆಲ್ಲ ಮಾರ್ಲಿ," ಅಂದಿದ್ದ ಹೆಂಡತಿಗೆ. "ನಮ್ಮ ಮೂರು ತಾಲೂಕು ನಮಗ ಬಿಡ್ಲಿ."

*

ಬಸ್‌ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ಚಟ್ಟ ಇಳಿಸಿದರು. ಹೆಂಗಸರು ಅಲ್ಲಿಂದಲೇ ಮರಳಬೇಕು. ಅಲ್ಲಿಂದ ಎತ್ತಿದ ಹೆಣ ಹೂಳುವ ಕುಣಿ ಸೇರುವ ತನಕ ಎಲ್ಲಿಯೂ ನಿಲ್ಲುವಂತಿಲ್ಲ. ಎದುರಿಗೇ ಗದ್ದೆಪ್ಪನ ಅಂಗಡಿ.

ಹಂಪಯ್ಯ ಮತ್ತೆ ಹೆಗಲು ಕೊಡುವವರೆಗೆ ಅಯ್ಯಮ್ಮ ಕಾದಳು. ಆಮೇಲೆ ರಸ್ತೆ ದಾಟಿ ಹೋಗಿ ಬೀಗ ತೆಗೆದಳು.

"ತಂಗಿ! ಸೂತಕ್ದಾಗ ಅಂಗಡಿ ತೆಗಿತಾರೇನು?" ಬೆಂಕಿಯ ಗಡಿಗೆ ಹಿಡಿದಿದ್ದ ಬೂದೆಪ್ಪ ಕೂಗಿದ.

"ಸೂತಕ್ದಾಗ ಬೋರ್ಡು ಹಾಕಬೌದೇನ್ರಿ ಬಾವಾರ?"

ಹಂಪಯ್ಯ ಚಟ್ಟದ ಕೆಳಗಿಂದ ಕತ್ತು ಹೊರಳಿಸಿದ. "ಏ, ಯಾರರ ಹೆಗಲು ಕೊಡ್ರಪಾ!"

ಸುತ್ತಲಿನ ಜನ ಕೈಕಟ್ಟಿ ನಿಂತರು. ಹಿಂದೆ ಹೊತ್ತಿದ್ದ ವಹೀದ್ ತಣ್ಣಗೆ ಹೇಳಿದ: "ನಡೀರಿ ಸಾವ್ಕಾರ್ರ. ನಿಂದರಬಾರದು."

ಆಳುಗಳು ಬೋರ್ಡು ಹೊತ್ತು ಬಂದಾಗ ಅಂಗಡಿಯ ಕಟ್ಟೆಯ ತುಂಬ ಅಳುವ ಹೆಂಗಸರು ಕುಳಿತಿದ್ದರು. ಆದೆಮ್ಮ ಕಾಲು ಚಾಚಿದ್ದಳು. ಏಣಿ ಇಡಲು ಗೇಣು ಜಾಗವಿರಲಿಲ್ಲ. ಒಳಗೆ ಅಯ್ಯಮ್ಮ ತಂತಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಬಿಗಿಯಾಗಿ, ಸಾಲಿಗೆ ಸಾಲು ಸುತ್ತತೊಡಗಿದ್ದಳು.